ತೊಳೆದುಕೊಂಡು ಬಂದ ಕಾಲುಗಳು

ಕಾಲಿನಲ್ಲಿ ರಕ್ತ ಹರಿಯುವ ಸದ್ದು ಕೇಳುವುದು ನನ್ನ ಕೆಲಸ. ಮೈಸೂರಿನ ಒಂದು ಆಸ್ಪತ್ರೆಯ ರಕ್ತನಾಳ ವಿಭಾಗದಲ್ಲಿ ನಾನು ತಂತ್ರಜ್ಞೆ. ಒಂದು ಚಳಿಗಾಲ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ತಾಲ್ಲೂಕುಗಳಲ್ಲಿ ಊರೂರು ತಿರುಗಿ, ಸಕ್ಕರೆ ಕಾಯಿಲೆ ಇರುವವರ ಕಾಲಿಗೆ ರಕ್ತ ಸರಿಯಾಗಿ ಹೋಗುತ್ತಿದೆಯೋ ಇಲ್ಲವೋ ನೋಡಿ ಬನ್ನಿ ಎಂದು ನಮ್ಮನ್ನು ಕಳಿಸಿದರು. ಹೋಗಿ ಬಂದೆವು. ಅಂದಿನಿಂದ ಯಾರ ಮನೆಯ ಬಚ್ಚಲಲ್ಲಾದರೂ ಹಂಡೆ ಕುದಿಯುವ ಸದ್ದು ಕೇಳಿದರೆ ನಾನು ಎದ್ದು ಆಚೆ ಹೋಗಿಬಿಡುತ್ತೇನೆ.

ನಾವು ಮೂವರು. ಶಿಬಿರದ ಹೊಣೆ ಹೊತ್ತಿದ್ದ ಡಾಕ್ಟರು, ನಾನು, ಜೀಪಿನ ಡ್ರೈವರು. ಡ್ರೈವರು ಗಂಜಾಂನವರು, ಐವತ್ತು ದಾಟಿದವರು. ನನಗೆ ಅವರು ಭಾಯ್, ಅವರಿಗೆ ನಾನು ಮೇಡಂ. ಸಕ್ಕರೆ ಕಾಯಿಲೆ ಅವರ ಹತ್ತಿರ ಸುಳಿದಿರಲಿಲ್ಲ. ಹಾಗಾಗಿ ಒಳ್ಳೆಯ ಕಾಲಿನ ಸದ್ದು ಹೇಗಿರುತ್ತದೆಂದು ಜನರಿಗೆ ಕೇಳಿಸಲು ಅವರ ಕಾಲನ್ನೇ ಬಳಸಿಕೊಳ್ಳುತ್ತಿದ್ದೆ. ಪ್ರತಿ ಶಿಬಿರದಲ್ಲೂ ಮೊದಲು ಅವರು ಬೆಂಚಿನ ಮೇಲೆ ಮಲಗಿ ಪ್ಯಾಂಟು ಮಡಿಸುವರು. "ನಮಾಜಿಗೆ ಅಂತ ದಿನಕ್ಕೆ ಐದು ಸಲ ತಣ್ಣೀರಲ್ಲಿ ತೊಳಿಯೋ ಕಾಲು ಮೇಡಂ ಇದು, ಧೈರ್ಯವಾಗಿ ಮುಟ್ಟಿ" ಎಂದು ಎಲ್ಲರೆದುರು ಜಂಬ ಕೊಚ್ಚುವರು.

ತಪಾಸಣೆ ನೋಡಲು ಸುಲಭ. ಬಂದವರನ್ನು ಸ್ವಲ್ಪ ಹೊತ್ತು ಮಲಗಿಸಬೇಕು, ನಡೆದು ಬಂದ ದಣಿವು ಇಳಿಯಬೇಕು. ಎರಡೂ ತೋಳಿನ ಬಿಪಿ ನೋಡಬೇಕು. ಆಮೇಲೆ ಬಿಪಿ ಪಟ್ಟಿಯನ್ನು ಕಾಲಿನ ಹರಡಿನ, ಎಂದರೆ ಪಾದದ ಕೀಲಿನ, ತುಸು ಮೇಲೆ ಸುತ್ತಿ, ಪಾದದ ಮೇಲೊಮ್ಮೆ, ಒಳ ಹರಡಿನ ಹಿಂದೊಮ್ಮೆ ತಣ್ಣನೆಯ ಜೆಲ್ ಹಚ್ಚಿ, ಪೆನ್ನಿನಷ್ಟು ದಪ್ಪದ ಡಾಪ್ಲರ್ ಕಡ್ಡಿಯನ್ನು ಓರೆಯಾಗಿ ಇಡಬೇಕು. ನಾಳ ಸಿಕ್ಕಿದರೆ ಕೈಯಲ್ಲಿರುವ ಪುಟ್ಟ ಪೆಟ್ಟಿಗೆ ಸದ್ದು ಮಾಡುತ್ತದೆ. ಪಟ್ಟಿಗೆ ಗಾಳಿ ತುಂಬಿ ಸದ್ದು ನಿಲ್ಲಿಸಿ, ಮೆಲ್ಲಗೆ ಗಾಳಿ ಬಿಡುತ್ತಾ ಬಂದಾಗ ಸದ್ದು ಎಲ್ಲಿ ಮರಳುತ್ತದೋ ಅದು ಕಾಲಿನ ಒತ್ತಡ. ಅದನ್ನು ತೋಳಿನ ಒತ್ತಡದಿಂದ ಭಾಗಿಸಿದರೆ ಆರೋಗ್ಯವಂತರಲ್ಲಿ ಒಂದರ ಆಸುಪಾಸು ಬರುತ್ತದೆ. ಪಾಯಿಂಟ್ ಒಂಬತ್ತಕ್ಕಿಂತ ಕಡಿಮೆ ಬಂದರೆ ನಾಳ ಕಿರಿದಾಗಿದೆ ಎಂದರ್ಥ. ಅಂಥವರನ್ನು ಮೈಸೂರಿಗೆ ಕಳಿಸಬೇಕು, ಉಳಿದವರಿಗೆ ಸರಿಯಿದೆ ಎಂದು ಹೇಳಬೇಕು. ನಮಗೆ ಕೊಟ್ಟಿದ್ದ ನಿಯಮ ಇಷ್ಟೇ.

ಶ್ರೀರಂಗಪಟ್ಟಣದ ಶಿಬಿರಗಳಲ್ಲೇ ನನಗೆ ಮೊದಲ ಕಿರಿಕಿರಿ ಶುರುವಾಯಿತು. ರಕ್ತ ಕಡಿಮೆಯಾದ ಕಾಲು ತಣ್ಣಗಿರುತ್ತದೆ, ಮುಟ್ಟಿದೊಡನೆ ಅನುಮಾನ ಬರಬೇಕು ಎಂದು ನಾನು ಕಲಿತದ್ದು. ಇಲ್ಲಿ ನನ್ನ ಕೈಗೆ ಸಿಕ್ಕಿದ್ದೆಲ್ಲ ಬೆಚ್ಚಗಿನ, ಕೆಂಪಗಿನ, ಸೋಪಿನ ವಾಸನೆಯ ಕಾಲುಗಳು. ಕಾರಣ ತಿಳಿಯಲು ತಡವಾಗಲಿಲ್ಲ. ಓದಿದ ಹೆಣ್ಣುಮಗಳೊಬ್ಬಳು ಬಂದು ತಮ್ಮ ಕಾಲು ಹಿಡಿಯುತ್ತಾಳೆಂದರೆ ಈ ಕಡೆಯ ಹಿರಿಯರಿಗೆ ಜೀವ ಹಿಡಿಯಾಗುತ್ತದೆ. ಹೊಲ ಕೊಟ್ಟಿಗೆಯಲ್ಲಿ ಓಡಾಡಿದ ಕಾಲನ್ನು ಹಾಗೇ ಚಾಚುವುದುಂಟೇ? ಬೆಳಿಗ್ಗೆ ಎದ್ದು ಹಂಡೆಗೆ ಬೆಂಕಿ ಹಾಕಿ, ಬಿಸಿನೀರಲ್ಲಿ ನೆನೆಸಿ, ಹಿಮ್ಮಡಿಯನ್ನು ಕಲ್ಲಿಗೆ ಉಜ್ಜಿ, ಹಬ್ಬಕ್ಕೆ ಹೊರಟವರ ಹಾಗೆ ತಯಾರಾಗಿ ಬರುತ್ತಿದ್ದರು. ಅಷ್ಟು ಮಾಡಿಯೂ ಮಲಗಿದ ಮೇಲೆ ಕಾಲೆಳೆದುಕೊಳ್ಳುವರು. "ಬ್ಯಾಡ ಕಣವ್ವ, ನಿಮ್ ಕೈಲಿ ಕಾಲ್ ಇಡುಸ್ಕಂಡು ಪಾಪ ಕಟ್ಕಳದಾ?" ಎಂದು ಒಬ್ಬ ಅಜ್ಜ ನನ್ನ ಕೈಯನ್ನೇ ತಳ್ಳಿದ್ದರು.

ಎರಡನೆಯ ಕಿರಿಕಿರಿ ಇದಕ್ಕಿಂತ ದೊಡ್ಡದು. ಒಬ್ಬ ನಿವೃತ್ತ ಮೇಷ್ಟ್ರು ಬಂದಿದ್ದರು. ಶನಿವಾರ ಶನಿವಾರ ಕರಿಘಟ್ಟದ ಮೆಟ್ಟಿಲನ್ನು ಒಂದೇ ಉಸಿರಿಗೆ ಹತ್ತುತ್ತಿದ್ದವರಿಗೆ ಈಗ ಅರ್ಧಕ್ಕೇ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ನಿಂತರೆ ಬಿಡುತ್ತದೆ, ಹತ್ತಿದರೆ ಮತ್ತೆ ಹಿಡಿಯುತ್ತದೆ. ರಕ್ತ ಸಾಲದ ಕಾಲು ಆಡುವ ಮಾತೇ ಅದು. ಆದರೆ ಅಳೆದರೆ ಒತ್ತಡ ತೋಳಿಗಿಂತ ಎಷ್ಟೋ ಮೇಲೆ. ಪಟ್ಟಿ ಎಷ್ಟು ಬಿಗಿದರೂ ಸದ್ದು ನಿಲ್ಲಲೊಲ್ಲದು. ಬಹಳ ವರ್ಷ ಸಕ್ಕರೆ ಕಾಯಿಲೆ ಇದ್ದವರ ನಾಳದ ಗೋಡೆಯಲ್ಲಿ ಸುಣ್ಣ ಕಟ್ಟಿ ಗಟ್ಟಿಯಾಗಿಬಿಡುತ್ತದೆ. ಅದು ಅಮುಕಿದರೂ ಕುಗ್ಗುವುದಿಲ್ಲ, ಹಾಗಾಗಿ ಸುಳ್ಳು ಅಂಕಿ ಬರುತ್ತದೆ. ನಾನು ಇದನ್ನು ಡಾಕ್ಟರಿಗೆ ಹೇಳಿದೆ.

"ಗೊತ್ತು ಮೇಡಂ. ಆದರೆ ಪಾಯಿಂಟ್ ಒಂಬತ್ತಕ್ಕಿಂತ ಕಡಿಮೆ ಇದ್ದವರನ್ನ ಮಾತ್ರ ಕಳಿಸಿ ಅಂದಿದ್ದಾರೆ. ಜಾಸ್ತಿ ಇದ್ದವರನ್ನೂ ಕಳಿಸಿದರೆ ಅಲ್ಲಿ ಯಾರು ನೋಡ್ತಾರೆ?" ಅಂದರು.

ಅವರು ಕೆಟ್ಟವರಲ್ಲ, ದಣಿದವರು. ಆದರೂ ನನಗೆ ಉರಿದುಹೋಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಅಂದಂತಾಯಿತು ನಮ್ಮ ತಪಾಸಣೆ. ಕಾಲು ಕೂಗಿ ಹೇಳುತ್ತಿದೆ, ನಾವು ಅಂಕಿ ನೋಡಿ ಸರಿಯಿದೆ ಎಂದು ಮನೆಗೆ ಕಳಿಸುತ್ತಿದ್ದೇವೆ. ಮೇಷ್ಟ್ರು ನನಗೆ ಕೈಮುಗಿದು ಸಂತೋಷದಿಂದ ಹೋದರು.

ನಾವು ಡೈರಿ ಅವ್ವ ಎಂದು ಕರೆಯತೊಡಗಿದ ಹೆಂಗಸು ಸಿಕ್ಕಿದ್ದು ಪಾಂಡವಪುರ ತಾಲ್ಲೂಕಿನಲ್ಲಿ, ಚಿನಕುರಳಿಯಿಂದ ಆಚೆಗಿನ ಒಂದು ಊರಲ್ಲಿ. ಹಾಲಿನ ಡೈರಿಯ ಪಕ್ಕದ ಕೋಣೆಯಲ್ಲಿ ನಮ್ಮ ಶಿಬಿರ. ರಸ್ತೆಯಲ್ಲಿ ಕಲ್ಲು ಕೋರೆಯ ಟಿಪ್ಪರುಗಳು ಓಡಾಡುತ್ತಿದ್ದವು. ಒಂದೊಂದು ಹೋದಾಗಲೂ ಡಾಪ್ಲರಿನ ಸದ್ದು ಕೇಳದೆ, ಕಡ್ಡಿ ಹಿಡಿದ ಕೈ ಅಲುಗಿಸದೆ ಕಾಯಬೇಕಾಗುತ್ತಿತ್ತು. ಆಕೆಗೆ ಅರವತ್ತರ ಮೇಲೆ. ಎರಡು ಹಸು ಕಟ್ಟಿ, ಹೊತ್ತಾರೆ ಬೈಗು ಕ್ಯಾನು ಹಿಡಿದು ಡೈರಿಗೆ ಹಾಲು ಹಾಕುವವರು. ಮಗ ಟಿಪ್ಪರ್ ಓಡಿಸುತ್ತಾನೆ, ಸೊಸೆ ಜೊತೆಗೆ ಬಂದಿದ್ದಳು.

"ನಮ್ಮತ್ತೆಗೆ ಕಾಲ್ನೋವು ಗೀಲ್ನೋವು ಏನಿಲ್ಲ ಮೇಡಂ. ಬಾಯೇ ಕಾಯ್ಲೆ" ಅಂದಳು ಸೊಸೆ. "ಮನೆಯಿಂದ ಡೈರಿಗೆ ಬರದ್ರೊಳ್ಗೆ ದಾರೀಲಿ ಸಿಕ್ಕೋರ್ನೆಲ್ಲ ಮಾತಾಡುಸ್ಕಂಡು ನಿಂತ್ಕತರೆ. ಆಲು ಒಡ್ದೋಗ್ಲಿ, ಮಾತ್ ಮಾತ್ರ ಮುಗ್ಯಕಿಲ್ಲ."

ಅವ್ವ ನಕ್ಕರು. ನಾನು ನಗಲಿಲ್ಲ. ಎಲ್ಲೆಲ್ಲಿ ನಿಲ್ಲುತ್ತೀರಿ ಎಂದು ಕೇಳಿದೆ. ಹುಣಸೆಮರದ ತಾವ, ಆಮೇಲೆ ಅಂಗಡಿ ತಾವ ಅಂದರು. ದಿನಾಲೂ ಅಲ್ಲೇನಾ? ದಿನಾಲೂ ಅಲ್ಲೇ. ಸೊಸೆ ಆಚೆ ಹೋದ ಮೇಲೆ ದನಿ ತಗ್ಗಿಸಿದರು.

"ಕಾಲು ಇಡ್ಕತದೆ ಕಣವ್ವ. ಇಂದ್ಗಡೆ, ಮೀನಖಂಡ್ದಲ್ಲಿ. ಸುಮ್ಕೆ ನಿಂತ್ರೆ ಜನ ಏನಾಯ್ತು ಅಂತರೆ. ಅದ್ಕೇ ಯಾರ್ನಾರ ಮಾತಾಡುಸ್ಕಂಡು ನಿಂತ್ಕತೀನಿ. ಒಸಿ ವೊತ್ತಿಗೆ ಬುಟ್ಟೋಯ್ತದೆ. ಮಗುಂಗೆ ಯೋಳ್ಬ್ಯಾಡಿ, ಅಸ ಮಾರ್ಬುಡ್ತನೆ."

ಅಳೆದೆ. ಬಲಗಾಲು ತೋಳಿನ ಒಂದೂವರೆಯಷ್ಟು. ನಿಯಮದ ಪ್ರಕಾರ ಸರಿಯಿದೆ. ಆದರೆ ಸದ್ದು? ಭಾಯ್ ಕಾಲಿನಲ್ಲಿ ಒಂದೊಂದು ಬಡಿತಕ್ಕೂ ರಕ್ತ ಮುಂದೆ ನುಗ್ಗಿ, ಚೂರು ಹಿಂದೆ ಬಂದು, ಮತ್ತೆ ಮುಂದೆ ಸರಿಯುವ ಮೂರು ತುಂಡಿನ ಚುರುಕು ಸದ್ದು ಬರುತ್ತಿತ್ತು. ಅವ್ವನ ಕಾಲಿನಲ್ಲಿ ಬಂದದ್ದು ಒಂದೇ ಒಂದು ಉದ್ದನೆಯ ಮಂಕು ಉಸಿರು. ಅವರೂ ಕಿವಿಗೊಟ್ಟು ಕೇಳಿದರು.

"ಆ ಅಣ್ಣಂದು ಗಬ್ಬದ್ ಅಸ ಈದ್ಮೇಲೆ ಕರ್ದಂಗಿತ್ತು, ಸರ್ರು ಸರ್ರು ಅಂತ. ನಂದು ಬತ್ತೋದ್ ಅಸಿನ ಕೆಚ್ಲು ಇಂಡ್ದಂಗೆ ಅದೆ, ಅಲ್ವಾ?" ಅಂದರು.

ಹತ್ತು ವರ್ಷದಿಂದ ಈ ಸದ್ದನ್ನು ಹೊಸಬರಿಗೆ ವಿವರಿಸಲು ಹೆಣಗಿದ್ದೇನೆ, ಇಷ್ಟು ಸರಿಯಾಗಿ ಹೇಳಲು ನನಗೆ ಬಂದಿರಲಿಲ್ಲ. ಸ್ಪರ್ಶ ಪರೀಕ್ಷಿಸುವ ನೈಲಾನ್ ಎಳೆಯನ್ನು ಪಾದಕ್ಕೆ ಒತ್ತಿ ನೋಡಿದೆ. ಅಂಗಾಲಿನಲ್ಲಿ ಎಲ್ಲೂ ಸ್ಪರ್ಶ ತಿಳಿಯುತ್ತಿರಲಿಲ್ಲ. ರಕ್ತವೂ ಕಡಿಮೆ, ಅರಿವೂ ಇಲ್ಲ. ಅಂಥ ಕಾಲಿಗೆ ಒಂದು ಗಾಯವಾದರೆ ಮುಗಿಯಿತು. ಗಾಯ ಮಾಯಲು ಬೇಕಾಗುವಷ್ಟು ರಕ್ತ ಅಲ್ಲಿಗೆ ಹೋಗುವುದಿಲ್ಲ. ಆದ್ದರಿಂದ ಕೂರಿಸಿ ಎಲ್ಲ ಹೇಳಿದೆ. ಬರಿಗಾಲಲ್ಲಿ ಓಡಾಡಬೇಡಿ, ಚಪ್ಪಲಿ ಮೆಟ್ಟುವ ಮುಂಚೆ ಒದರಿ, ರಾತ್ರಿ ಮಲಗುವಾಗ ಅಂಗಾಲು ನೋಡಿಸಿಕೊಳ್ಳಿ, ಬಿಸಿನೀರು ಹಾಕುವ ಮುಂಚೆ ಕೈ ಇಟ್ಟು ನೋಡಿ. ಎಲ್ಲ ಕಡೆ ಹೇಳುವ ಮಾತೇ ಇದು, ಗೋಡೆಯ ಚಿತ್ರಪಟದಲ್ಲೂ ಇದೆ. ಅವ್ವ ಪ್ರತಿಯೊಂದಕ್ಕೂ ತಲೆಯಾಡಿಸಿದರು. ಒಂದೇ ಒಂದು ಪ್ರಶ್ನೆ ಕೇಳಿದರು.

"ಕಾಲು ಓದ್ರೆ ಅಸ ಕರ್ಯಕೆ ಕುಕ್ಕುರುಗಾಲಲ್ಲಿ ಎಂಗವ್ವ ಕುಂತ್ಕಳದು?"

ಹೋಗುವುದಿಲ್ಲ, ನಾನು ನೋಡಿಕೊಳ್ಳುತ್ತೇನೆ ಎಂದೆ. ಹಾಗೆಂದು ಹೇಳುವ ಅಧಿಕಾರ ನನಗೆ ಯಾರೂ ಕೊಟ್ಟಿರಲಿಲ್ಲ.

ಆ ದಿನ ಮರಳುವಾಗ ಜೀಪಿನಲ್ಲಿ ಡಾಕ್ಟರ ಜೊತೆ ಜಗಳವಾಡಿದೆ. ಹರಡಿನ ನಾಳ ಸುಣ್ಣ ಕಟ್ಟಿದ್ದರೂ ಕಾಲಿನ ಹೆಬ್ಬೆರಳಿನ ಸಣ್ಣ ನಾಳ ಸಾಮಾನ್ಯವಾಗಿ ಕಟ್ಟಿರುವುದಿಲ್ಲ. ಅಲ್ಲಿಗೆ ಬೆರಳಗಲದ ಪಟ್ಟಿ ಸುತ್ತಿ ಒತ್ತಡ ನೋಡಿದರೆ ನಿಜ ತಿಳಿಯುತ್ತದೆ. ಆ ಸಲಕರಣೆ ನಮ್ಮ ಆಸ್ಪತ್ರೆಯಲ್ಲಿತ್ತು, ಶಿಬಿರಕ್ಕೆ ಕೊಟ್ಟಿರಲಿಲ್ಲ. ಅದನ್ನು ತರೋಣ, ಹೆಚ್ಚಿನ ಅಂಕಿ ಬಂದವರನ್ನೆಲ್ಲ ಮತ್ತೆ ಕರೆದು ನೋಡೋಣ ಎಂದು ನಾನು.

"ಕೆ.ಆರ್. ಪೇಟೆ ಶುರುವಾಗಬೇಕು. ನಾಗಮಂಗಲ ಹಾಗೇ ಕೂತಿದೆ. ಹಿಂದಕ್ಕೆ ಹೋಗ್ತಾ ಇದ್ದರೆ ಮುಂದಕ್ಕೆ ಹೋಗೋದು ಯಾವಾಗ?" ಎಂದು ಅವರು.

"ಸರಿಯಿದೆ ಅಂತ ಸುಳ್ಳು ಹೇಳಿ ಬಂದಿದ್ದೀವಿ ಸರ್. ಇನ್ನೂ ಎರಡು ತಾಲ್ಲೂಕಿಗೆ ಹೋಗಿ ಅದೇ ಸುಳ್ಳು ಹೇಳೋದಾ?"

ಭಾಯ್ ಕನ್ನಡಿಯಲ್ಲಿ ನಮ್ಮಿಬ್ಬರನ್ನೂ ನೋಡಿ, "ಸಾರ್, ಭಾನುವಾರ ನನಗೆ ಕೆಲಸ ಇಲ್ಲ. ಗಾಡಿ ತೆಗೀತೀನಿ" ಅಂದರು. ಪಾಂಡವಪುರದ ಸೇತುವೆ ದಾಟುವ ಹೊತ್ತಿಗೆ ಡಾಕ್ಟರು ಒಪ್ಪಿದರು. ಭಾನುವಾರಗಳಲ್ಲಿ ಮರುತಪಾಸಣೆ, ಮೊದಲು ಡೈರಿ ಅವ್ವನ ಊರು. ನನಗೆ ಗೆದ್ದ ಖುಷಿ. ಆ ಊರಿನ ಆಶಾ ಕಾರ್ಯಕರ್ತೆಗೆ ಫೋನು ಮಾಡಿ, ಅವ್ವನನ್ನು ನೋಡಲಿಕ್ಕೆಂದೇ ಬರುತ್ತಿದ್ದೇವೆ, ತಪ್ಪದೆ ಕರೆತನ್ನಿ ಎಂದು ಒತ್ತಿ ಹೇಳಿದೆ.

ನೋಡಲಿಕ್ಕೆಂದೇ ಬರುತ್ತಿದ್ದಾರೆ ಎಂಬ ಮಾತು ಅವ್ವನ ಮನೆಯಲ್ಲಿ ಏನು ಮಾಡಿತೆಂದು ನನಗೆ ಗೊತ್ತಾದದ್ದು ಭಾನುವಾರ. ಅವರು ನಮಗಿಂತ ಮುಂಚೆ ಬಂದು ಕೂತಿದ್ದರು. ತೊಳೆದ ಸೀರೆ, ಮುಡಿಯಲ್ಲಿ ಕನಕಾಂಬರ. ನಡೆದೇ ಬಂದಿದ್ದರು. ನನ್ನನ್ನು ಕಂಡು ಹಿಗ್ಗಿ, ತಾವೇ ಬೆಂಚಿನ ಮೇಲೆ ಮಲಗಿದರು.

"ಇವತ್ತು ಸಂದಾಗಿ ತೊಳ್ದೀನಿ ಕಣವ್ವ. ನೀವು ಅಷ್ಟು ದೂರದಿಂದ ನನ್ ಕಾಲ್‌ಗೆ ಅಂತ್ಲೇ ಬತ್ತೀರಿ, ಓದ್ಸಲ ಇಮ್ಮಡೀಲಿ ಮಣ್ಣಿತ್ತು, ನಾಚ್ಕೆ ಆಗೋಯ್ತು."

ಚಪ್ಪಲಿ ತೆಗೆದೆ. ಬಲಗಾಲಿನ ಬೆರಳುಗಳ ಮೇಲೆ, ಪಾದದ ಅಂಚಿನ ಉದ್ದಕ್ಕೂ ನೀರುಗುಳ್ಳೆಗಳು ಎದ್ದಿದ್ದವು. ಎರಡು ಆಗಲೇ ಒಡೆದು, ತೆಳುವಾದ ಬಿಳಿ ಚರ್ಮ ಚಪ್ಪಲಿಯ ಪಟ್ಟಿಗೆ ಅಂಟಿಕೊಂಡು ಬಂತು. ಅಡಿಯಲ್ಲಿ ಹಸಿ ಮಾಂಸ. ಎಡಗಾಲು ಬರೀ ಕೆಂಪಗಾಗಿತ್ತು. ಅವ್ವ ನನ್ನ ಮುಖವನ್ನೇ ನೋಡುತ್ತಾ ನಗುತ್ತಿದ್ದರು. ಅವರಿಗೆ ಏನೂ ಗೊತ್ತಾಗುತ್ತಿರಲಿಲ್ಲ.

"ಅವ್ವಾ, ನೀರು ಎಷ್ಟು ಬಿಸಿ ಇತ್ತು?"

"ಬೆಚ್ಗಿತ್ತು. ಯಾಕವ್ವ?"

"ಕೈ ಇಟ್ಟು ನೋಡಿದ್ರಾ?"

"ಊಂ ಮತ್ತೆ! ನೀವು ಯೋಳಿದ್ರಲ್ಲ. ಕೈ ಅದ್ದಿ ನೋಡೇ ಈ ಕಾಲ್ನ ಮೊದ್ಲು ಇಟ್ಟಿದ್ದು."

ಅವರ ಬಲಗೈಯನ್ನು ಹಿಡಿದು ಬಿಚ್ಚಿ ನೋಡಿದೆ. ಅಂಗೈ ಹಲಗೆಯಾಗಿತ್ತು. ಬುದ್ಧಿ ತಿಳಿದಾಗಿನಿಂದ ದಿನಕ್ಕೆ ಎರಡು ಹೊತ್ತು, ಒಲೆಯಿಂದ ಆಗತಾನೇ ಇಳಿಸಿದ ರಾಗಿ ಹಿಟ್ಟನ್ನು ಬರಿಗೈಯಲ್ಲಿ ಹಿಡಿದು ಮುದ್ದೆ ಕಟ್ಟಿದ ಕೈ ಅದು. ನಾವಾದರೆ ಬೊಬ್ಬೆ ಹೊಡೆದು ಕೈ ಹಿಂದೆಳೆದುಕೊಳ್ಳುವಂಥ ಬಿಸಿ ಆ ಕೈಗೆ ಬೆಚ್ಚಗೆ. ಕೈ ಇಟ್ಟು ನೋಡಿ ಎಂದು ಅಚ್ಚು ಹಾಕಿಸಿದವರಾಗಲಿ, ಆ ಮಾತನ್ನು ಊರೂರಿಗೆ ಹೊತ್ತು ತಂದ ನಾನಾಗಲಿ, ಯಾರ ಕೈ ಎಂದು ಯೋಚಿಸಿರಲಿಲ್ಲ. ಈ ನಾಲ್ಕು ತಾಲ್ಲೂಕಿನಲ್ಲಿ ಮುದ್ದೆ ಕಟ್ಟದ ಹೆಂಗಸಿನ ಕೈ ಎಲ್ಲಿದೆ? ನಾನು ಹೇಳಿದ ಮಾತನ್ನು ಚಾಚೂ ತಪ್ಪದೆ ಪಾಲಿಸಿ ಅವ್ವ ಕಾಲು ಸುಟ್ಟುಕೊಂಡಿದ್ದರು. ಕೇಳದಿದ್ದವರು ಎಷ್ಟೋ ಮಂದಿ ಚೆನ್ನಾಗಿದ್ದರು.

ಹೆಬ್ಬೆರಳಿನ ಬುಡಕ್ಕೆ ಪುಟ್ಟ ಪಟ್ಟಿ ಸುತ್ತಿ ಒತ್ತಡ ನೋಡಿದೆ. ಅದಕ್ಕೇ ತಾನೇ ಬಂದದ್ದು. ಗಾಯ ಮಾಯಲು ಬೇಕಾದ ಮಟ್ಟಕ್ಕಿಂತ ಬಹಳ ಕೆಳಗಿತ್ತು. ನನ್ನ ಅನುಮಾನ ನಿಜವಾಗಿತ್ತು, ಹೊಸ ಸಲಕರಣೆ ಸರಿಯಾಗಿ ಕೆಲಸ ಮಾಡಿತ್ತು, ನಾನು ಡಾಕ್ಟರ ಮುಂದೆ ಗೆದ್ದಿದ್ದೆ. ಅಂಥ ಗೆಲುವು ಶತ್ರುವಿಗೂ ಬೇಡ.

ಡಾಕ್ಟರು ಸುಟ್ಟ ಜಾಗವನ್ನು ತೊಳೆದು ಸಡಿಲವಾಗಿ ಬಟ್ಟೆ ಸುತ್ತಿದರು. ಭಾಯ್ ಜೀಪನ್ನು ಬಾಗಿಲಿಗೇ ತಂದರು. ಅವ್ವ ಮೈಸೂರಿಗೆ ಬರಲು ಒಪ್ಪಲಿಲ್ಲ. "ಬೈಗಿನ್ ಆಲು ಯಾರ್ ಕರೀತರೆ? ಕರೀ ಅಸ ನಾನ್ ಬುಟ್ರೆ ಯಾರ್ಗೂ ಸೊರ ಬುಡಕಿಲ್ಲ, ಆಲು ಇಳ್ಸಕಿಲ್ಲ" ಎಂದು ಹಟ ಹಿಡಿದರು. ನೋವಿಲ್ಲದ ಗಾಯಕ್ಕೆ ಅಷ್ಟು ದೂರ ಹೋಗುವುದು ಅವರಿಗೆ ಅರ್ಥವಾಗಲಿಲ್ಲ. ಕೊನೆಗೆ ಭಾಯ್ ಅವರ ಮುಂದೆ ಕುಕ್ಕರುಗಾಲಲ್ಲಿ ಕೂತು, "ಅವ್ವಾ, ನನ್ನ ಅಮ್ಮೀಜಾನ್ ಆಗಿದ್ದರೆ ಎತ್ಕೊಂಡು ಹೋಗ್ತಿದ್ದೆ. ನಿಮ್ಮನ್ನ ಕೇಳ್ಕೋತಾ ಇದೀನಿ" ಅಂದರು. ಅದಕ್ಕೆ ಎದ್ದರು.

ನಮ್ಮ ಆಸ್ಪತ್ರೆಯಲ್ಲಿ ನಾಳಕ್ಕೆ ಬಣ್ಣದ ದ್ರವ ಬಿಟ್ಟು ಚಿತ್ರ ತೆಗೆದರು. ಮಂಡಿಯಿಂದ ಕೆಳಗಿನ ಮೂರು ನಾಳಗಳಲ್ಲಿ ಎರಡು ಮುಚ್ಚಿದ್ದವು, ಮೂರನೆಯದು ಅಲ್ಲಲ್ಲಿ ಎಳೆಯಷ್ಟು ಕಾಣುತ್ತಿತ್ತು. ಶಸ್ತ್ರಚಿಕಿತ್ಸಕರು ಅದರೊಳಗೆ ತಂತಿ ತೂರಿಸಿ ಬಲೂನಿನಿಂದ ಅಗಲ ಮಾಡಲು ಬಹಳ ಹೊತ್ತು ಹೆಣಗಿದರು. ನಾನು ಗಾಜಿನಾಚೆ ನಿಂತು ಪರದೆ ನೋಡುತ್ತಿದ್ದೆ. ತಂತಿ ಸುಣ್ಣಕ್ಕೆ ತಾಗಿ ಬಾಗುತ್ತಿತ್ತು, ಹಿಂದೆಳೆದು ಬೇರೆ ತಂತಿ ಹಾಕಿದರೆ ಅದೂ ಬಾಗುತ್ತಿತ್ತು. ಕೊನೆಗೆ ಕೈಬಿಟ್ಟು ಹೊರಗೆ ಬಂದು, ಕೈಗವಸು ಕಳಚುತ್ತಾ ಅವರು ಹೇಳಿದ ಮಾತನ್ನು ನಾನು ಇನ್ನೂ ಹೊತ್ತು ತಿರುಗುತ್ತಿದ್ದೇನೆ.

"ಗಾಯ ಒಂದು ಆಗದೇ ಇದ್ದಿದ್ದರೆ ಈ ಕಾಲಲ್ಲೇ ಆಯಸ್ಸು ಕಳೀತಿದ್ದರೇನೋ. ನಿಂತು ನಿಂತು ನಡೀತಿದ್ದರು, ಅಷ್ಟೇ."

ಹುಣಸೆಮರದ ತಾವ ನಿಂತು, ಅಂಗಡಿ ತಾವ ನಿಂತು, ಮಾತಾಡಿಸಿಕೊಂಡು. ನಾವು ಆ ಊರಿಗೆ ಹೋಗದೇ ಇದ್ದಿದ್ದರೆ ಅವ್ವ ಈಗಲೂ ಹಾಗೇ ನಡೆಯುತ್ತಿದ್ದರು. ಯಾರು ಎಷ್ಟು ಸಮಾಧಾನ ಹೇಳಿದರೂ ಈ ಲೆಕ್ಕ ತಪ್ಪಾಗುವುದಿಲ್ಲ.

ಮೊದಲು ಎರಡು ಬೆರಳು ಕಪ್ಪಾದವು, ತೆಗೆದರು. ತೆಗೆದ ಜಾಗ ಮಾಯಲಿಲ್ಲ, ಪಾದದ ಮುಂಭಾಗ ತೆಗೆದರು. ಕೀವು ಮೇಲೇರಿತು. ಮಂಡಿಯ ಕೆಳಗೆ ಕತ್ತರಿಸಿದ ದಿನ ನಾನು ಕೆ.ಆರ್. ಪೇಟೆಯಲ್ಲಿ ಗೋವಿಂದನಹಳ್ಳಿ ಕಡೆಯ ಒಂದು ಶಾಲೆಯಲ್ಲಿ ಯಾರದೋ ಕಾಲಿಗೆ ಜೆಲ್ ಹಚ್ಚುತ್ತಿದ್ದೆ. ಸೊಸೆಯ ಫೋನು ಬಂತು. "ಕಾಲ್ ತಗುದ್ಬುಟ್ರು ಮೇಡಂ. ಅತ್ತೆ ಏನೂ ಅಳ್ನಿಲ್ಲ. ಅಸ ಯಾರ್ ಕರುದ್ರು ಅಂತ ಕೇಳುದ್ರು" ಅಂದಳು. ನಾನು ಶಾಲೆಯ ಹಿಂದೆ ಹೋಗಿ ನಿಂತು ಅತ್ತುಬಿಟ್ಟೆ. ಮತ್ತೆ ಬಂದು ಕಡ್ಡಿ ಹಿಡಿದೆ. ಸಾಲು ಕಾಯುತ್ತಿತ್ತು.

ಅಷ್ಟರಲ್ಲಿ ನಾವು ಜನರಿಗೆ ಹೇಳುವ ಮಾತನ್ನು ಬದಲಿಸಿದ್ದೆವು. ಶಿಬಿರದ ಹಿಂದಿನ ದಿನ ಭಾಯ್ ಜೀಪಿನಲ್ಲಿ ಮೈಕು ಕಟ್ಟಿ, "ಕಾಲು ತೊಳಿಯದೇ ಬನ್ನಿ, ಹ್ಯಾಗಿದ್ದೀರೋ ಹಾಗೇ ಬನ್ನಿ, ಬಿಸಿನೀರು ಬೇಡವೇ ಬೇಡ" ಎಂದು ಸಾರುತ್ತಾ ಹೋಗುವರು. ಜನ ಇದನ್ನು ತಮಾಷೆ ಎಂದುಕೊಂಡು ನಕ್ಕರು. ಒಬ್ಬ ಯಜಮಾನರು ಜೀಪಿಗೆ ಅಡ್ಡ ನಿಂತು, "ನಾವೇನ್ ತೊಳ್ಯದೆ ಬರೋ ಜನ ಅನ್ಕಂಡ್ಯೇನಯ್ಯಾ?" ಎಂದು ರೇಗಿದರು. ಮಾರನೆಯ ದಿನ ಅವರ ಮನೆಮಂದಿಯೆಲ್ಲ ಎಂದಿಗಿಂತ ಚೆನ್ನಾಗಿ ತೊಳೆದುಕೊಂಡು ಬಂದರು. ಕೈ ಇಟ್ಟು ನೋಡಿ ಎಂಬ ಮಾತನ್ನು ನಾನು ಬಾಯಿಂದಲೇ ತೆಗೆದುಹಾಕಿದೆ. ಮೊಣಕೈ ಅದ್ದಿ ನೋಡಿ, ಕೂಸಿಗೆ ನೀರು ಹುಯ್ಯುವ ಮುಂಚೆ ನೋಡುತ್ತೀರಲ್ಲ ಹಾಗೆ ಎಂದು ಹೇಳಿಕೊಡತೊಡಗಿದೆ. ಹೆಂಗಸರಿಗೆ ಅದು ಥಟ್ಟನೆ ಹತ್ತಿತು. ಅಷ್ಟು ಹತ್ತಿರದಲ್ಲಿದ್ದ ಮಾತು, ಒಂದು ಕಾಲು ಹೋದ ಮೇಲೆ ಹೊಳೆಯಿತು.

ನಾಗಮಂಗಲಕ್ಕೆ ಬರುವ ಹೊತ್ತಿಗೆ ನನ್ನಲ್ಲಿ ಹುರುಪು ಉಳಿದಿರಲಿಲ್ಲ. ಹೆಬ್ಬೆರಳಿನ ಪಟ್ಟಿಯಿಂದ ಕೆಟ್ಟ ಕಾಲುಗಳು ಈಗ ತಪ್ಪದೆ ಸಿಗುತ್ತಿದ್ದವು. ಸಿಕ್ಕಿ ಏನಾಯಿತು? ಮೈಸೂರಿಗೆ ಹೋಗಿ ಎಂದರೆ "ನೋಯ್ತಾ ಇಲ್ವಲ್ಲ" ಅನ್ನುವರು. ಹೋದವರಲ್ಲಿ ಹೆಚ್ಚಿನವರನ್ನು ಮಾತ್ರೆ ಕೊಟ್ಟು ವಾಪಸು ಕಳಿಸಿದರು. ಸುಣ್ಣ ಕಟ್ಟಿದ ನಾಳಕ್ಕೆ ಮಾಡುವುದಾದರೂ ಏನು? ಕರಿಘಟ್ಟದ ಮೇಷ್ಟ್ರನ್ನು ಮರುತಪಾಸಣೆಗೆ ಕರೆದರೆ, ಒಮ್ಮೆ ಸರಿಯಿದೆ ಅಂದಿರಲ್ಲ ಎಂದು ಬರಲೇ ಇಲ್ಲ. ಕೊನೆಯ ಶಿಬಿರ ಮುಗಿಸಿ ಸಾಮಾನು ಕಟ್ಟುವಾಗ ಡಾಕ್ಟರು, "ನೀವು ಹೇಳಿದ್ದು ಸರಿಯಿತ್ತು ಮೇಡಂ" ಅಂದರು. ಬೈದಿದ್ದರೆ ಚೆನ್ನಾಗಿತ್ತು.

ಅಲ್ಲಿಂದ ಮೈಸೂರಿಗೆ ಮರಳುವಾಗ, ಸುತ್ತಾದರೂ ಸರಿ, ಅವ್ವನ ಊರಿಗೆ ಹೋಗೋಣ ಎಂದೆ. ಭಾಯ್ ಕೇಳುವ ಮುಂಚೆಯೇ ಆ ಕಡೆ ತಿರುಗಿಸಿದ್ದರು. ಡಾಕ್ಟರು ಜೀಪಿನಲ್ಲೇ ಕೂತರು.

ಮಗ ಅಂಗಳದಲ್ಲಿ ಕರೀ ಹಸುವಿಗೆ ಹುಲ್ಲು ಹಾಕುತ್ತಿದ್ದ. ನನ್ನನ್ನು ಕಂಡು ತಲೆಯಾಡಿಸಿ ಮತ್ತೆ ಹುಲ್ಲಿನತ್ತ ಬಾಗಿದ. ಅವ್ವ ಒಳಗೆ ಮಂಚದ ಮೇಲಿದ್ದರು. ಪಕ್ಕದಲ್ಲಿ ವಾಕರು. ಕತ್ತರಿಸಿದ ಕಾಲು ಸೀರೆಯೊಳಗೆ ಮೊಂಡಾಗಿ ಕಾಣುತ್ತಿತ್ತು. ಉಳಿದ ಎಡಗಾಲನ್ನು ತೋರಿಸಿ ಎಂದು ನಾನು ಕೇಳಿದಾಗ ಅದನ್ನು ಸೆರಗಿನಡಿ ಎಳೆದುಕೊಂಡರು.

"ತೆಪ್ಪು ತಿಳ್ಕಬ್ಯಾಡಿ ಕಣವ್ವ. ತೊಳ್ದಿಲ್ಲ. ನೀವು ಯೋಳ್ಕಳ್ಸಿದ್ರಲ್ಲ, ತೊಳಿಬ್ಯಾಡಿ ಅಂತ."

ಶಿಬಿರದ ದಿನಕ್ಕೆಂದು ನಾವು ಮೈಕಿನಲ್ಲಿ ಸಾರಿದ್ದು ಬಾಯಿಂದ ಬಾಯಿಗೆ ಅವರನ್ನು ಮುಟ್ಟಿ, ಅವರು ಅಂದಿನಿಂದ ಆ ಕಾಲನ್ನು ತೊಳೆದೇ ಇರಲಿಲ್ಲ. ಬೆರಳ ಸಂದಿಯಲ್ಲಿ ಸಗಣಿ, ಮಣ್ಣು ಒಣಗಿ ಕೂತಿತ್ತು. ಜೀವಮಾನವಿಡೀ ಕಾಲು ತಿಕ್ಕಿ ತೊಳೆದ ಹೆಂಗಸು ನಾಚಿಕೆಯಿಂದ ಗೋಡೆಯತ್ತ ಮುಖ ಮಾಡಿದ್ದರು. ಒದ್ದೆ ಬಟ್ಟೆಯಿಂದ ಒರೆಸಿದೆ. ಬೇಡ ಬೇಡ ಅಂದರು, ಕೊಸರಾಡಲಿಲ್ಲ. ಗಾಯ ಇರಲಿಲ್ಲ. ಜೆಲ್ ಹಚ್ಚಿ ಕಡ್ಡಿ ಇಟ್ಟೆ.

ಸದ್ದು ಹುಡುಕಲು ಹೊತ್ತು ಹಿಡಿಯಿತು. ಸಿಕ್ಕಿತು. ಒಂದೇ ಒಂದು ಉದ್ದನೆಯ ಮಂಕು ಉಸಿರು, ಬಲಗಾಲಿನಲ್ಲಿ ಅಂದು ಕೇಳಿದ್ದಕ್ಕಿಂತ ಕ್ಷೀಣವಾದದ್ದು. ನಾನು ಮುಖ ಎತ್ತಲಿಲ್ಲ. ಅವ್ವ ಕೇಳಿಸಿಕೊಳ್ಳುತ್ತಿದ್ದರು.

"ಇದೂ ಬತ್ತೋಯ್ತಾ ಅದೆ" ಅಂದರು. ಪ್ರಶ್ನೆಯಲ್ಲ, ಹಸುವಿನ ಬಗ್ಗೆ ಹೇಳುವ ಹಾಗೆ. ಆಮೇಲೆ ನನ್ನ ಮೊಣಕೈ ಹಿಡಿದು, "ಆರುಸ್ಬುಡವ್ವ ಅದ್ನ. ಮಗ ಅಂಗಳ್ದಲ್ಲಿ ಅವ್ನೆ, ಕೇಳುಸ್ಕತನೆ."

ಆರಿಸಿದೆ. ಹೊರಗೆ ಹಸು ಹುಲ್ಲು ಜಗಿಯುವುದು ಕೇಳುತ್ತಿತ್ತು. ಔಷಧಿ ಬಿಡಬೇಡಿ, ತಣ್ಣೀರಲ್ಲಿ ದಿನಾ ತೊಳೆದು ಚೆನ್ನಾಗಿ ಒರೆಸಿ, ಗಾಯವಾದರೆ ಅಂದೇ ಫೋನು ಮಾಡಿ ಎಂದು ಏನೇನೋ ಹೇಳಿದೆ. ಅವ್ವ ಮೊದಲ ದಿನದ ಹಾಗೇ ಪ್ರತಿಯೊಂದಕ್ಕೂ ತಲೆಯಾಡಿಸಿದರು. ಆ ತಲೆಯಾಡಿಸುವುದನ್ನು ನೋಡಲು ನನ್ನಿಂದ ಆಗಲಿಲ್ಲ.

ತೊಳೆಯದ ಕಾಲು ಮುಟ್ಟಿದ್ದೇನೆಂದು ಅವರಿಗೆ ಸಮಾಧಾನವಿಲ್ಲ. "ಮೇಡಂ ಕೈ ತೊಳ್ಕಳ್ಳಕೆ ನೀರ್ ತತ್ತಾ" ಎಂದು ಸೊಸೆಯನ್ನು ಕೂಗಿದರು. ಚಳಿ ಇತ್ತಲ್ಲ, ಅವಳು ಹಂಡೆಯಿಂದ ಚೊಂಬಿನಲ್ಲಿ ಬಿಸಿನೀರು ತಂದಳು. ಚೊಂಬಿನ ಬಾಯಿಂದ ಹಬೆ ಏಳುತ್ತಿತ್ತು. ಅವ್ವ ಅಭ್ಯಾಸದಂತೆ ನೋಡಲೆಂದು ಕೈ ಚಾಚಿದವರು, ಬೆರಳು ನೀರಿಗೆ ತಾಗುವ ಮುಂಚೆ ಕೈಯನ್ನು ಹಿಂದಕ್ಕೆ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡರು.

"ಬಿಸಿ ಅದೇನೋ ನೀವೇ ನೋಡ್ಕಳಿ ಕಣವ್ವ" ಅಂದರು. "ನನ್ ಕೈಗೆ ಗೊತ್ತಾಗಕಿಲ್ಲ."